ಇಪ್ಪತ್ತೊಂದು ಅಂಗುಲದ ಮೇಜು

'ಶ್ರೀರಾಮಾಚಾರಿಗೆ ಬಾಯಿ ಕೆಟ್ಟದು, ಅಳತೆ ಒಳ್ಳೆಯದು' ಎಂಬುದು ಬೆಳ್ಳಾರೆಯಲ್ಲಿ ನನ್ನ ಬಗ್ಗೆ ಇರುವ ಮಾತು. ಮೊದಲ ಅರ್ಧಕ್ಕೆ ನಾನು ಯಾವತ್ತೂ ಬೇಸರಪಟ್ಟವನಲ್ಲ. ಮರದ ಕೆಲಸದವನು ಎಲ್ಲರ ಮಾತಿಗೂ ಹೂಂಗುಟ್ಟುತ್ತಾ ಕೂತರೆ ಬಾಗಿಲು ಒಂದು ಕಡೆ, ದಾರಂದ ಒಂದು ಕಡೆ ಆಗುತ್ತದೆ. ಆದರೆ ಆ ಮಾತಿನ ಎರಡನೇ ಅರ್ಧ ಈಗ ಸುಳ್ಳಾಗಿದೆ. ಊರಿನವರು ಅದು ಗೊತ್ತಿಲ್ಲದೆ ಈಗಲೂ ಹಾಗೆಯೇ ಹೇಳುತ್ತಾರೆ, ಕೇಳಿದ ದಿನ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಇದನ್ನು ಹೇಳಿಬಿಡುತ್ತೇನೆ.

ದಸರಾ ಕಳೆದ ವಾರ ಮರೀನಾ ನನ್ನ ಕೆಲಸದ ಕೊಟ್ಟಿಗೆಗೆ ಬಂದಳು. ಕೋಡಿಂಬಾಳದ ಜೇಕಬ್ ಚೇಟನ, ಎಂದರೆ ಜೇಕಬಣ್ಣನ, ಮಗಳು. ಜೇಕಬನ ಅಪ್ಪ ಕೇರಳದಿಂದ ಬಂದು ಅಲ್ಲಿ ರಬ್ಬರ್ ಹಾಕಿದವರು. ಮೂವತ್ತು ವರ್ಷಗಳ ಹಿಂದೆ ಜೇಕಬ್ ಹೊಸ ಮನೆ ಕಟ್ಟಿದಾಗ ಅದರ ಬಾಗಿಲು, ಕಿಟಕಿ, ಮಂಚ ಎಲ್ಲ ಮಾಡಿದ್ದು ನಾನು. ಆಗ ಈ ಹುಡುಗಿಗೆ ನಾಲ್ಕು ವರ್ಷ. ನಾನು ಕೀಸಿದ ಮರದ ಸುರುಳಿಗಳನ್ನು ಕಿವಿಗೆ ಸಿಕ್ಕಿಸಿಕೊಂಡು ಓಲೆ ಎಂದು ಊರಿಡೀ ತೋರಿಸಿಕೊಂಡು ಬರುತ್ತಿದ್ದಳು. ಜೇಕಬ್ ತೀರಿಕೊಂಡು ಆರು ವರ್ಷವಾಯಿತು. ಬೈಗುಳ ಕೇಳಿಸಿಕೊಂಡೂ ನನ್ನನ್ನು ಬಿಡದೆ ಇದ್ದ ಸ್ನೇಹಿತರು ಇಬ್ಬರೋ ಮೂವರೋ ಇದ್ದರು, ಅವರಲ್ಲಿ ಅವನೊಬ್ಬ.

ಮರೀನಾ ಎಡಗೈಯಲ್ಲಿ ಒಂದು ಕಾಗದ ಹಿಡಿದಿದ್ದಳು. ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು.

"ಆಚಾರ್ರೆ, ನನಗೊಂದು ಕಂಪ್ಯೂಟರ್ ಮೇಜು ಆಗ್ಬೇಕು," ಎಂದಳು.

"ಪೇಟೆಯಲ್ಲಿ ಸಾವಿರ ಉಂಟು. ಆ ಹೊಟ್ಟಿನ ಹಲಗೆಯದ್ದು. ನಾಲ್ಕು ಸ್ಕ್ರೂ ತಿರುಗಿಸಿದ್ರೆ ಆಯ್ತು, ನಾಲ್ಕು ವರ್ಷಕ್ಕೆ ಬಿದ್ದುಹೋಗ್ತದೆ."

"ಅದೆಲ್ಲ ಎರಡೂವರೆ ಅಡಿ ಎತ್ತರ. ನನಗೆ ಆಗುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ."

ಹೌದು, ಮರೀನಾ ಗಿಡ್ಡ. ಐದಡಿಗೆ ಮೂರು ಇಂಚು ಕಡಿಮೆ. ಅವಳ ಅಪ್ಪನೂ ಹಾಗೆಯೇ ಇದ್ದ, ಅವನು ನಿಂತಿದ್ದಾನೋ ಕೂತಿದ್ದಾನೋ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಅವಳ ಕೆಲಸ ಏನೆಂದು ಅವತ್ತು ಸರಿಯಾಗಿ ತಿಳಿಯಿತು. ಎಲ್ಲಿಯದೋ ಆಸ್ಪತ್ರೆಯ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರಂತೆ. ಇವಳು ಕೋಡಿಂಬಾಳದ ಮನೆಯಲ್ಲಿ ಕೂತು ಕಿವಿಗೆ ವಯರು ಸಿಕ್ಕಿಸಿಕೊಂಡು ಅದನ್ನು ಕೇಳಿ ಟೈಪ್ ಮಾಡಿ ಕಳಿಸಬೇಕು. ಈಗ ಯಂತ್ರವೇ ಅರ್ಧ ಬರೆದುಕೊಡುತ್ತದೆ, ಅದರ ತಪ್ಪು ತಿದ್ದುವುದು ಮೊದಲಿನದ್ದಕ್ಕಿಂತ ದೊಡ್ಡ ಕೆಲಸ ಎಂದಳು. ಹನ್ನೊಂದು ವರ್ಷದಿಂದ ದಿನಕ್ಕೆ ಒಂಬತ್ತು ಗಂಟೆ, ಊಟದ ಮೇಜಿನ ಮುಂದೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು. ನರ್ಸಿಂಗಿಗೆ ಸೀಟು ಸಿಕ್ಕಿತ್ತು, ಅಪ್ಪನಿಗೆ ಕಾಯಿಲೆ ಬಂದು ಹೋಗಲಾಗಲಿಲ್ಲ. ಆಸ್ಪತ್ರೆಗೆ ಹೋಗಲಾಗದವಳ ಮನೆಗೇ ಆಸ್ಪತ್ರೆ ಬಂತು ಎಂದು ಅವಳಿಗೆ ಈ ಕೆಲಸದ ಮೇಲೆ ಬಹಳ ಪ್ರೀತಿ. ಮೈಯಲ್ಲಿರುವ ಎಲುಬು, ನರ ಎಲ್ಲದರ ಹೆಸರೂ ಅವಳಿಗೆ ಬಾಯಿಪಾಠ.

"ನನ್ನ ಕೈಗೆ ಬಂದ ರೋಗದ ಹೆಸರು ನಾನೇ ನೂರು ಸಲ ಟೈಪ್ ಮಾಡಿದ್ದೇನೆ ಆಚಾರ್ರೆ. ಬೇರೆಯವರದ್ದು," ಎಂದು ನಕ್ಕಳು.

ಮಣಿಕಟ್ಟಿನೊಳಗೆ ಹೋಗುವ ನರ ಒತ್ತಿಕೊಂಡು ಹೆಬ್ಬೆರಳಿನ ಬದಿಯ ಮೂರು ಬೆರಳು ಜೋಮು ಹಿಡಿಯುತ್ತಿತ್ತು. ಚಹಾದ ಲೋಟ ಎರಡು ಸಲ ಕೈಜಾರಿ ಬಿದ್ದಿತ್ತು. ಕೆಲಸ ನಿಧಾನವಾಗಿ, ಕಂಪನಿಯವರು ಮೂರು ತಿಂಗಳ ಗಡುವು ಕೊಟ್ಟಿದ್ದರು. ಕ್ರಿಸ್ಮಸ್ಸಿನ ಒಳಗೆ ಮೊದಲಿನ ವೇಗಕ್ಕೆ ಬರಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ. ಪುತ್ತೂರು ದರ್ಬೆಯ ಫಿಸಿಯೊಥೆರಪಿ ಡಾಕ್ಟರು ಗಾನಶ್ರೀ ಎಂಬವರು ಆಪರೇಷನ್ ಸದ್ಯ ಬೇಡ, ಕೂರುವ ಕ್ರಮ ಸರಿಮಾಡಿ ನೋಡುವ ಎಂದಿದ್ದರಂತೆ. ಅವರದೇ ಕಾಗದ ಅದು.

ನಾನು ಕನ್ನಡಕ ಹಾಕಿ ನೋಡಿದೆ. ಚಂದದ ಚಿತ್ರ ಬರೆದಿದ್ದರು. ಕುರ್ಚಿಯಲ್ಲಿ ಕೂತ ಹೆಂಗಸು, ಪಾದ ಪೂರ್ತಿ ನೆಲಕ್ಕೆ, ಮೊಣಕಾಲು ಮಡಚಿದ ಜಾಗದಲ್ಲಿ ಮಟ್ಟಗೋಲು ಇಟ್ಟ ಹಾಗೆ ನೇರ ಮೂಲೆ. ಭುಜ ಸಡಿಲ, ಮೊಣಕೈ ಮೈಗೆ ಹತ್ತಿರ. ಲ್ಯಾಪ್‌ಟಾಪು ಒಂದು ಪುಟ್ಟ ಪೀಠದ ಮೇಲೆ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ. ಕೀಬೋರ್ಡು ಬೇರೆ, ಮೌಸು ಅದರ ಪಕ್ಕದಲ್ಲೇ. ಮೇಜಿನ ಮುಂದಿನ ಅಂಚು ಗುಂಡಗಿರಬೇಕು, ಕೈಯನ್ನು ಕುಯ್ಯಬಾರದು. ಕೆಳಗೆ ದೊಡ್ಡ ಅಕ್ಷರದಲ್ಲಿ, ಎರಡು ಗೆರೆ ಎಳೆದು: ಮೇಜಿನ ಎತ್ತರ ಅರುವತ್ತು ಸೆಂಟಿಮೀಟರ್.

"ಅರುವತ್ತಾ? ಇದು ಮೇಜಾ, ಮಣೆಯಾ ಮಗಳೇ?"

"ನನ್ನನ್ನು ಕೂರಿಸಿ ಅಳತೆ ತೆಗೆದದ್ದು ಅವರು. ಅಷ್ಟೇ ಆಗ್ಬೇಕಂತೆ."

ಮರ ಅವಳೇ ತಂದಿದ್ದಳು. ಜೇಕಬ್ ಅಟ್ಟದಲ್ಲಿ ಇಟ್ಟಿದ್ದ ಹಲಸಿನ ಹಲಗೆ, ಮೂವತ್ತು ವರ್ಷ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿತ್ತು. ಮಗಳ ಮದುವೆಗೆ ಕಪಾಟು ಮಾಡಿಸಲು ಇಟ್ಟದ್ದು. ಮದುವೆಯ ಹೊತ್ತಿಗೆ ಗಂಡಿನ ಕಡೆಯವರು ಉಕ್ಕಿನ ಕಪಾಟು ಸಾಕೆಂದಿದ್ದರು.

ಅವಳು ಹೋದ ಮೇಲೆ ಹಲಗೆಯ ಮುಂದೆ ಕೂತು ನಾನು ಮೊದಲು ಮಾಡಿದ ಕೆಲಸ ಆಯ ನೋಡಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಬೀಟೆಯ ಕೋಲು ಉಂಟು, ಅದರಲ್ಲಿ ಇಪ್ಪತ್ತನಾಲ್ಕು ಅಂಗುಲದ ಗುರುತು. ನಮ್ಮ ಅಂಗುಲ ಅಂಗಡಿಯ ಇಂಚಲ್ಲ, ಟೇಪು ಹಿಡಿದರೆ ಮೂರು ಸೆಂಟಿಮೀಟರು. ಅಳತೆಯನ್ನು ಎಂಟರಿಂದ ಭಾಗಿಸಿದಾಗ ಏನು ಉಳಿಯುತ್ತದೋ ಅದು ಆಯ. ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಬಂದರೆ ಒಳ್ಳೆಯದು, ಸರಿ ಬಂದರೆ ಕೆಟ್ಟದು. ಮನೆಗೆ, ಬಾಗಿಲಿಗೆ, ಮಂಚಕ್ಕೆ ಎಲ್ಲರೂ ನೋಡುತ್ತಾರೆ. ಮೇಜು ಕುರ್ಚಿಗೆ ಈಗ ಯಾರೂ ನೋಡುವುದಿಲ್ಲ. ನನ್ನ ಅಪ್ಪ ನೋಡುತ್ತಿದ್ದರು. ಮನುಷ್ಯ ಯಾವುದರ ಮುಂದೆ ಕೂತು ಅನ್ನ ಸಂಪಾದಿಸುತ್ತಾನೋ ಅದಕ್ಕೂ ಆಯ ಬೇಕು ಎಂಬುದು ಅವರ ವಾದ, ಹಾಗಾಗಿ ನನ್ನದೂ.

ಅರುವತ್ತು ಸೆಂಟಿಮೀಟರು ಎಂದರೆ ಇಪ್ಪತ್ತು ಅಂಗುಲ. ಎಂಟೆರಡಲ ಹದಿನಾರು, ಉಳಿದದ್ದು ನಾಲ್ಕು. ಶ್ವಾನ.

ಜೇಕಬನ ಮಗಳು ನಾಯಿಯ ಆಯದಲ್ಲಿ ಕೂತು ದುಡಿಯುವುದೇ? ಈಗಾಗಲೇ ಅವಳದ್ದು ನಾಯಿಪಾಡು. ಹಿಂದೆ ಬಾಗಿಲು ಮಾಡುವಾಗ ಜೇಕಬನೇ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಆಚಾರ್ರೆ, ನಮ್ಮ ಕಡೆಯೂ ತಚ್ಚುಶಾಸ್ತ್ರ ಅಂತ ಹೀಗೇ ಆಯ ನೋಡ್ತಾರೆ, ಒಳ್ಳೆಯ ಕೋಲಿಗೆ ಬರ್ಲಿ. ಶಿಲುಬೆ ನಾನು ಮೇಲೆ ಹೊಡೆಯುತ್ತೇನೆ," ಎಂದಿದ್ದ. ಅದು ನೆನಪಾಯಿತು. ಒಂದು ಅಂಗುಲ ಏರಿಸಿದರೆ ಇಪ್ಪತ್ತೊಂದು, ಐದು ಉಳಿಯುತ್ತದೆ, ವೃಷಭ. ದುಡಿಯುವವರಿಗೆ ಅದಕ್ಕಿಂತ ಒಳ್ಳೆಯ ಆಯ ಇಲ್ಲ. ಒಂದಂಗುಲ ತಗ್ಗಿಸಿಯೂ ಬೆಸಕ್ಕೆ ತರಬಹುದಿತ್ತು, ಆದರೆ ಆಗಲೇ ಮಣೆಯ ಹಾಗಿರುವುದನ್ನು ಇನ್ನೂ ತಗ್ಗಿಸಲು ನನಗೆ ಮನಸ್ಸಾಗಲಿಲ್ಲ. ಒಂದಂಗುಲದಲ್ಲಿ ಏನು ಮಹಾ ವ್ಯತ್ಯಾಸ ಎಂದುಕೊಂಡೆ. ಅರ್ಧ ನೂಲು ತಪ್ಪಿದರೆ ಕೆಲಸದವರ ಹುಟ್ಟಡಗಿಸುತ್ತಿದ್ದ ನಾನೇ ಹೀಗೆ ಅಂದುಕೊಂಡದ್ದು.

ಅವಳನ್ನು ಒಂದು ಮಾತು ಕೇಳಬಹುದಿತ್ತು. ಫೋನು ಜೇಬಿನಲ್ಲೇ ಇತ್ತು. ಕೇಳಲಿಲ್ಲ. ಒಳ್ಳೆಯದು ಮಾಡುವಾಗ ಕೇಳುವುದೇನು ಎಂಬ ಅಹಂಕಾರ ಒಂದು. ಕೇಳಿದರೆ ಅವಳು ಬೇಡ ಎಂದುಬಿಡುತ್ತಾಳೆ ಎಂಬುದೂ ಒಳಗೊಳಗೆ ಗೊತ್ತಿತ್ತು.

ಉಳಿದದ್ದೆಲ್ಲ ಕಾಗದದಲ್ಲಿದ್ದ ಹಾಗೆಯೇ ಮಾಡಿದೆ. ಅಂಚನ್ನು ಎರಡು ದಿನ ಕೂತು ಉಜ್ಜಿ ಗುಂಡಗೆ ಮಾಡಿದೆ, ಕೈಯಿಟ್ಟರೆ ಮಗುವಿನ ಕೆನ್ನೆ ಮುಟ್ಟಿದ ಹಾಗಿತ್ತು. ವಯರು ಹೋಗಲು ಹಿಂದೆ ತೂತು. ಮೊಣಕಾಲಿಗೆ ತಾಗದಂತೆ ಡ್ರಾಯರು ಬಿಟ್ಟುಬಿಟ್ಟೆ. ಲ್ಯಾಪ್‌ಟಾಪಿಗೆ ಅದೇ ಹಲಸಿನ ಪುಟ್ಟ ಪೀಠ. ನನ್ನ ನಲವತ್ತೈದು ವರ್ಷದ ಕೆಲಸದಲ್ಲಿ ಅದಕ್ಕಿಂತ ಚಂದದ ಮೇಜು ಮಾಡಿಲ್ಲ.

ಮೇಜು ಒಯ್ಯಲು ಮರೀನಾಳ ಗಂಡ ಸಿಜೋ ಬಂದ. ನೆಲ್ಯಾಡಿ ಕಡೆ ಪಿಕಪ್ ಓಡಿಸುವವನು, ಮಾತು ಕಡಿಮೆ. ಮೇಜನ್ನು ಎತ್ತಲು ಬಗ್ಗಿದವನು ಕೈಯಲ್ಲೇ ಗೇಣು ಹಾಕಿ ನೋಡಿದ.

"ಆಚಾರ್ರೆ, ಸ್ವಲ್ಪ ಎತ್ತರ ಆಯ್ತಾ ಅಂತ."

ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು, ಅವತ್ತು ಇನ್ನೂ ಮುಂದಿತ್ತು. ಯಾಕೆಂದರೆ ಅವನು ಹೇಳಿದ್ದು ಸರಿ ಇತ್ತು.

"ನಿನಗೆ ಗೊತ್ತುಂಟಾ ಅಳತೆ, ನನಗಾ? ಟೇಪ್ ಬೇಕಾ? ಬೇಕಾದ್ರೆ ಹೇಳು, ಹಿಡಿದು ನೋಡು, ಮತ್ತೆ ಬೇರೆ ಆಚಾರಿಯನ್ನು ಹುಡುಕು."

"ಇಲ್ಲ ಇಲ್ಲ. ನೀವು ಮಾಡಿದ್ದು ಅಂದ್ರೆ ಸರಿಯೇ ಇರ್ತದೆ," ಎಂದು ಅವನು ತಲೆ ತಗ್ಗಿಸಿ ಹಗ್ಗ ಕಟ್ಟಿದ.

ಟೇಪು ಅವನ ಕೈಗೆಟಕುವ ಮೊಳೆಯಲ್ಲೇ ನೇತಾಡುತ್ತಿತ್ತು.

ನಾನೂ ಪಿಕಪ್‌ನಲ್ಲಿ ಕೋಡಿಂಬಾಳಕ್ಕೆ ಹೋದೆ. ಕಿಟಕಿಯ ಬೆಳಕು ಬದಿಯಿಂದ ಬರುವ ಹಾಗೆ ಮೇಜು ಇಡಿಸಿದೆ. ಹೊಸ ಕುರ್ಚಿ ತರಿಸಿದ್ದರು, ಅವಳ ಪಾದ ಪೂರ್ತಿ ನೆಲಕ್ಕೆ ತಾಗಲು ಅದನ್ನು ಅತ್ಯಂತ ತಗ್ಗಿಗೆ ಇಳಿಸಿದ್ದಾಯಿತು. ಮರೀನಾ ಕೂತು ಕೀಬೋರ್ಡಿನ ಮೇಲೆ ಕೈಯಿಟ್ಟಳು. ಅವಳ ಎರಡೂ ಭುಜ ಚೂರು ಮೇಲಕ್ಕೆ ಹೋದವು. ನಾನು ಕಂಡೆ. ಮರ ಕೀಸುವವನ ಕಣ್ಣು, ಎಷ್ಟು ಚೂರು ಎಂಬುದೂ ಕಂಡಿತು.

"ಎಂತದೋ ಸ್ವಲ್ಪ ಬಿಗಿ ಆಗ್ತದೆ," ಎಂದಳು.

"ಹೊಸ ಚಪ್ಪಲಿ ಕಚ್ಚುದಿಲ್ವಾ? ಹದಿನೈದು ದಿನದಲ್ಲಿ ಅಭ್ಯಾಸ ಆಗ್ತದೆ."

"ಹೌದಾ," ಎಂದು ಅವಳು ನಂಬಿದಳು. ಅವಳ ತಾಯಿ ಸಿಸಿಲಿ ಹಾಲಿಲ್ಲದ ಕಟ್ಟನ್ ಚಾಯ ತಂದುಕೊಟ್ಟು, ಮೇಜಿನ ಮೇಲೆ ಕೈಯಾಡಿಸಿ, ಜೇಕಬನ ಹಲಗೆ ಕೊನೆಗೂ ಮಗಳಿಗೇ ಬಂತೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಬಹಳ ತೃಪ್ತಿಯಿಂದ ಮನೆಗೆ ಬಂದೆ.

ಆಮೇಲೆ ಮೂರು ತಿಂಗಳು ಆ ಕಡೆಯ ಸುದ್ದಿ ಇಲ್ಲ. ಒಂದೆರಡು ಸಲ ಫೋನು ಮಾಡೋಣ ಎನಿಸಿತು. ಚೆನ್ನಾಗಿದ್ದರೆ ಅವರೇ ಹೇಳುತ್ತಾರೆ ಎಂದು ಬಿಟ್ಟೆ. ಅಂದರೆ ಕೇಳಲು ಧೈರ್ಯ ಇರಲಿಲ್ಲ ಎಂದೇ ಅರ್ಥ.

ಜನವರಿಯಲ್ಲಿ ನನ್ನ ಮೊಣಕಾಲು ಮಡಚಲಾಗದೆ ಪುತ್ತೂರಿಗೆ ಹೋದೆ. ದರ್ಬೆಯಲ್ಲಿ ಬಸ್ಸಿಳಿದು ಮೆಟ್ಟಿಲು ಹತ್ತಿ ಕೂತಮೇಲೆ ಗೋಡೆಯಲ್ಲಿ ಹೆಸರು ನೋಡಿದೆ, ಡಾಕ್ಟರ್ ಗಾನಶ್ರೀ. ಸಣ್ಣ ಪ್ರಾಯದವರು. ನನ್ನ ಹೆಸರು, ಊರು ಬರೆದುಕೊಳ್ಳುತ್ತಾ ತಲೆಯೆತ್ತಿದರು.

"ಬೆಳ್ಳಾರೆಯ ಶ್ರೀರಾಮ ಆಚಾರ್ಯರಾ? ಮರೀನಾಗೆ ಮೇಜು ಮಾಡಿಕೊಟ್ಟವರು ನೀವೇನಾ?"

"ಹೌದು. ಹೇಗುಂಟು ಅವಳ ಕೈ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ನನಗೆ ಅದೇ ಬೇಜಾರು ಆಚಾರ್ರೆ. ಎಲ್ಲ ಸರಿ ಮಾಡಿಸಿದ್ದೆ. ಕುರ್ಚಿ ಸರಿ, ಸ್ಕ್ರೀನ್ ಸರಿ, ಮೇಜು ನೀವು ಅಳತೆಗೆ ಸರಿಯಾಗಿ ಮಾಡಿಕೊಟ್ಟಿದ್ರಿ. ವ್ಯಾಯಾಮ ಒಂದು ದಿನ ತಪ್ಪಿಸಿದವರಲ್ಲ. ಆದ್ರೂ ಕಡಿಮೆ ಆಗ್ಲಿಲ್ಲ, ಜಾಸ್ತಿಯೇ ಆಯ್ತು. ಭುಜ, ಕುತ್ತಿಗೆ ಎಲ್ಲ ಹಿಡಿದು ಬಿಡ್ತು. ಡಿಸೆಂಬರಿನಲ್ಲಿ ಮಂಗಳೂರಲ್ಲಿ ಆಪರೇಷನ್ ಆಯ್ತು. ತಡ ಆಗಿತ್ತು. ಹೆಬ್ಬೆರಳಿನ ಬುಡದ ಮಾಂಸವೇ ಇಳಿದುಹೋಗಿತ್ತು. ಎಲ್ಲ ಸರಿ ಇದ್ದೂ ಯಾಕೆ ಹೀಗಾಯ್ತು ಅಂತ ನನಗೆ ಈಗಲೂ ಗೊತ್ತಾಗ್ಲಿಲ್ಲ."

"ಕೆಲಸ?"

"ಹೋಯ್ತು."

ನಾನು ಸುಮ್ಮನೆ ತಿಳಿದುಕೊಳ್ಳಲು ಕೇಳುವವನ ಹಾಗೆ ಕೇಳಿದೆ: "ಅಲ್ಲ ಡಾಕ್ಟ್ರೆ, ಒಂದು ಮೂರು ಸೆಂಟಿಮೀಟರ್ ಹೆಚ್ಚುಕಮ್ಮಿ ಆದ್ರೆ ಎಂತ ಆಗ್ತದೆ?"

ಅವರು ಎದ್ದು ನನ್ನ ಕುರ್ಚಿಯನ್ನು ಅವರ ಮೇಜಿಗೆ ಹತ್ತಿರ ಎಳೆಸಿದರು. ನನ್ನ ಮೊಣಕೈಯ ಕೆಳಗೆ ದಪ್ಪದ ಒಂದು ಪುಸ್ತಕ ಇಟ್ಟರು. "ಇಷ್ಟೇ ಮೂರು ಸೆಂಟಿಮೀಟರ್. ಬೆರಳು ಆಡಿಸ್ತಾ ಇರಿ, ಟೈಪ್ ಮಾಡಿದ ಹಾಗೆ. ನಾನು ಆಚೆಯವರನ್ನು ನೋಡಿ ಬರ್ತೇನೆ."

ಆಡಿಸಿದೆ. ಮೊದಲು ಏನೂ ಗೊತ್ತಾಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದು ನಿಮಿಷವಾಗುವಾಗ ಕಿವಿಯ ಕೆಳಗಿನಿಂದ ಭುಜದ ತುದಿಯವರೆಗೆ ಒಂದು ಬಿಗಿ ಶುರುವಾಯಿತು. ಹತ್ತು ನಿಮಿಷಕ್ಕೆ ಅದು ಉರಿಯಾಯಿತು. ಹನ್ನೆರಡನೆಯ ನಿಮಿಷಕ್ಕೆ ನಾನು ಕೈ ತೆಗೆದುಬಿಟ್ಟೆ. ಹಾರೆ, ಕೊಡಲಿ, ತೊಲೆ ಎತ್ತಿದ ಮೈ ನನ್ನದು. ಅವಳು ದಿನಕ್ಕೆ ಒಂಬತ್ತು ಗಂಟೆ ಕೂತಿದ್ದಳು.

"ಗೊತ್ತಾಯ್ತಾ?" ಎಂದು ಡಾಕ್ಟರು ಬಂದರು. "ಇಡೀ ದಿನ ಭುಜವನ್ನು ಎತ್ತಿ ಹಿಡಿದ ಹಾಗೆ. ಮಣಿಕಟ್ಟು ಹಿಂದಕ್ಕೆ ಮಡಚಿ ಇರ್ತದೆ, ನರ ಅಲ್ಲೇ ಒತ್ತುದು. ಒಳ್ಳೆಯ ಕೈಗಾದ್ರೆ ತಡೀತದೆ. ಮೊದಲೇ ಹಾಳಾದ ಕೈಗೆ ತಡೆಯುದಿಲ್ಲ. ಇಂಥ ನೋವಿಗೆ ಮೇಜಿನ ಎತ್ತರ ಒಂದೇ ಕಾರಣ ಆಗಿರುದಿಲ್ಲ, ಆದ್ರೆ ಅದಕ್ಕೇ ನಾನು ಎರಡು ಗೆರೆ ಎಳೆದು ಬರೆದದ್ದು."

ಒಂದೇ ಕಾರಣ ಅಲ್ಲ ಎಂದರೆ ಅದೂ ಒಂದು ಕಾರಣ. ಅಲ್ಲಿಯೇ ಹೇಳಿಬಿಡಬೇಕಿತ್ತು. ಬಾಯಿ ಕೆಟ್ಟದು ಎಂದು ಹೆಸರು ಪಡೆದ ನನ್ನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಮೊಣಕಾಲಿಗೆ ಬರೆದುಕೊಟ್ಟ ಚೀಟಿ ಹಿಡಿದು ಕೆಳಗಿಳಿದೆ. ಬೆಳ್ಳಾರೆಯ ಬಸ್ಸಿನಲ್ಲಿ ಕೂತಾಗಲೂ ಭುಜ ಉರಿಯುತ್ತಿತ್ತು.

ಮರುದಿನ ಬೆಳಿಗ್ಗೆ ಚೀಲದಲ್ಲಿ ಗರಗಸ, ಕೀಸುಳಿ, ಟೇಪು ಹಾಕಿಕೊಂಡು ಕೋಡಿಂಬಾಳಕ್ಕೆ ಹೋಗಲು ಕಡಬದ ಬಸ್ಸು ಹತ್ತಿದೆ. ಕೋಲನ್ನು ಮನೆಯಲ್ಲೇ ಬಿಟ್ಟೆ.

ಮನೆಯ ಮುಂದೆ ಸಿಜೋನ ಪಿಕಪ್ ನಿಂತಿತ್ತು, ಅವನು ಅದರ ಟಯರು ನೋಡುತ್ತಿದ್ದ. ಸಿಸಿಲಿ ಎಂದಿನ ಹಾಗೆ, "ಬನ್ನಿ ಆಚಾರ್ರೆ, ಎಷ್ಟು ಸಮಯ ಆಯ್ತು," ಎಂದು ಚಹಾಕ್ಕೆ ಒಳಗೆ ಹೋದರು. ಮರೀನಾ ಕೋಣೆಯಲ್ಲಿದ್ದಳು. ನನ್ನ ಮೇಜಿನ ಮೇಲೆ ಮಡಚಿದ ಬಟ್ಟೆಯ ರಾಶಿ, ಇಸ್ತ್ರಿಪೆಟ್ಟಿಗೆ. ಲ್ಯಾಪ್‌ಟಾಪು ಇರಲಿಲ್ಲ. ಬಟ್ಟೆಯ ಹಿಂದೆ ಗೋಡೆಗೆ ಒರಗಿಸಿಟ್ಟ ಕೀಬೋರ್ಡು, ಅದರ ವಯರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಅದರ ಮೇಲೆ, ಕೂತವರ ಕಣ್ಣಿಗೆ ನೇರವಾಗಿ ಕಾಣುವ ಹಾಗೆ, ಗೋಡೆಯಲ್ಲಿ ಒಂದು ಚೀಟಿ ಅಂಟಿಸಿತ್ತು. 'ಭುಜ ಕೆಳಗೆ.' ಅದರ ಕೆಳಗೆ ಇನ್ನೊಂದು, ಕೆಂಪು ಶಾಯಿಯಲ್ಲಿ, 'ಮರೀನಾ, ಭುಜ ಕೆಳಗೆ.'

ನಾನು ಚೀಟಿ ನೋಡುವುದನ್ನು ಅವಳು ಕಂಡಳು.

"ಎಷ್ಟು ಬರೆದು ಅಂಟಿಸಿದ್ರೂ ನನಗೆ ಇಳಿಸಿ ಕೂತುಕೊಳ್ಲಿಕ್ಕೆ ಆಗ್ಲೇ ಇಲ್ಲ ಆಚಾರ್ರೆ. ಹನ್ನೊಂದು ವರ್ಷದ ಕೆಟ್ಟ ಅಭ್ಯಾಸ. ಅಷ್ಟು ಒಳ್ಳೆಯ ಮೇಜು ಮಾಡಿಕೊಟ್ರಿ, ನನಗೇ ಕೂರ್ಲಿಕ್ಕೆ ಬರ್ಲಿಲ್ಲ."

ಅವಳು ನನ್ನನ್ನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಚೀಲದಿಂದ ಟೇಪು ತೆಗೆದು ನೆಲಕ್ಕೆ ತಾಗಿಸಿ ಮೇಜಿನ ಅಂಚಿಗೆ ಹಿಡಿದೆ.

"ನೋಡು ಮಗಳೇ."

ಅವಳು ಬಗ್ಗಿ ಓದಿದಳು. ಅರುವತ್ತಮೂರು. ಇನ್ನೊಮ್ಮೆ ಓದಿದಳು. ಬಾಗಿಲಲ್ಲಿ ಸಿಜೋ ಬಂದು ನಿಂತಿದ್ದ.

ನಾನು ಹೇಳಿದೆ. ಎಲ್ಲವನ್ನೂ, ಅಂಗುಲ, ಶ್ವಾನ, ವೃಷಭ, ಅವಳ ಅಪ್ಪ ಕುಕ್ಕರಗಾಲಲ್ಲಿ ಕೂತದ್ದು, ಭುಜ ಏರಿದ್ದನ್ನು ನಾನು ಕಂಡದ್ದು. ಹೇಳುತ್ತಾ ಹೋದಂತೆ ಅದು ಎಷ್ಟು ಹುಚ್ಚುಚ್ಚಾಗಿ ಕೇಳುತ್ತದೆ ಎಂದು ನನಗೇ ಗೊತ್ತಾಗುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೇ ಕಾಲು ಕಾಣಿಸುವಾಗ ಹೀಗೆಯೇ ತಡವಾಗಿರುತ್ತದೆ.

ಮರೀನಾ ಗೋಡೆಯ ಚೀಟಿಗಳ ಕಡೆ ನೋಡಿದಳು.

"ಡಾಕ್ಟ್ರು ಪ್ರತಿ ಸಲವೂ ಕೇಳ್ತಿದ್ರು," ಎಂದಳು. "ಮೇಜು ಅರುವತ್ತೇ ಉಂಟಲ್ಲ ಅಂತ. ಹೌದು, ನಮ್ಮ ಆಚಾರ್ರು ಮಾಡಿದ್ದು ಅಂತ ಹೇಳ್ತಿದ್ದೆ. ಒಂದು ದಿನ ಅಳತೆ ಮಾಡುವ ಅಂತ ಮನಸ್ಸಿಗೆ ಬಂದಿತ್ತು. ನಿಮ್ಮ ಕೆಲಸಕ್ಕೆ ಟೇಪ್ ಹಿಡಿದ್ರೆ ಅಪ್ಪನಿಗೆ ಅವಮಾನ ಮಾಡಿದ ಹಾಗೆ ಅಂತ ಬಿಟ್ಟೆ."

"ನಾನು ಅವತ್ತು ಕೇಳಿದ್ದೆ," ಎಂದ ಸಿಜೋ ಬಾಗಿಲಿನಿಂದ. ಅಷ್ಟೇ ಹೇಳಿ ಅಂಗಳಕ್ಕೆ ಇಳಿದುಹೋದ.

"ಒಂದು ಮಾತು ಕೇಳಬಹುದಿತ್ತಲ್ಲ ಆಚಾರ್ರೆ? ನಾಯಿಯ ಆಯವೇ ಇರ್ಲಿ ಅಂತಿದ್ದೆ ನಾನು."

"ನಿನ್ನ ಅಪ್ಪ ಇದ್ದಿದ್ರೆ..."

"ಅಪ್ಪ ಇದ್ದಿದ್ರೆ ಮೊದಲು ನನ್ನ ಕೈ ನೋಡ್ತಿದ್ರು."

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ. ನಾನು ಪ್ರೀತಿಯಿಂದಲೇ ಕೊಯ್ದಿದ್ದೆ, ಅದೂ ಬರುವುದಿಲ್ಲ. ಬಟ್ಟೆಯ ರಾಶಿ, ಇಸ್ತ್ರಿಪೆಟ್ಟಿಗೆ, ಕೀಬೋರ್ಡು ಎಲ್ಲವನ್ನೂ ಮಂಚಕ್ಕೆ ಸರಿಸಿ, ಮೇಜನ್ನು ಅಡ್ಡ ಮಲಗಿಸಿ, ನಾಲ್ಕೂ ಕಾಲಿಗೆ ಗುರುತು ಹಾಕಿದೆ. ಅವಳು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಹಲಸಿನ ಮರ ಕೊಯ್ಯುವಾಗ ಬರುವ ಸಿಹಿ ವಾಸನೆ ಕೋಣೆಯಲ್ಲಿ ತುಂಬಿತು. ಹತ್ತು ನಿಮಿಷದ ಕೆಲಸ. ಅಕ್ಟೋಬರಿನಲ್ಲಿ ಮಾಡಿದ್ದರೂ ಹತ್ತೇ ನಿಮಿಷವಾಗುತ್ತಿತ್ತು.

ಮೇಜು ನಿಲ್ಲಿಸಿ, ಕೀಬೋರ್ಡನ್ನು ಮೊದಲಿದ್ದಲ್ಲೇ ಇಟ್ಟು, ಟೇಪು ಹಿಡಿದೆ. ಅರುವತ್ತು.

"ಒಮ್ಮೆ ಕೂತು ನೋಡು ಮಗಳೇ," ಎಂದೆ. ಯಾಕೆ ಹೇಳಿದೆನೋ.

ಅವಳು ಕುರ್ಚಿ ಎಳೆದು ಕೂತಳು. ಎಡಗೈಯಿಂದ ಕೀಬೋರ್ಡನ್ನು ಮುಂದಕ್ಕೆ ತಂದು ಎರಡೂ ಕೈಯನ್ನು ಅದರ ಮೇಲಿಟ್ಟಳು. ವಯರಿನ ರಬ್ಬರ್ ಬ್ಯಾಂಡ್ ಹಾಗೆಯೇ ಇತ್ತು. ಭುಜಗಳು ಏರಲಿಲ್ಲ. ಕಾಗದದ ಚಿತ್ರದಲ್ಲಿದ್ದ ಹೆಂಗಸು ಹೇಗಿದ್ದಳೋ ಹಾಗೆಯೇ, ಪಾದ ನೆಲಕ್ಕೆ, ಮೊಣಕೈ ಮೈಗೆ ಹತ್ತಿರ, ಮಣಿಕಟ್ಟು ನೇರ. ಬಲಗೈಯ ಹೆಬ್ಬೆರಳಿನ ಬುಡ ಒಳಕ್ಕೆ ಬಿದ್ದು ಚರ್ಮ ಸುಕ್ಕಾಗಿತ್ತು. ಎಡಗೈ ಒಂದೆರಡು ಕೀಲಿ ಒತ್ತಿತು. ಬಲಗೈ ಹಾಗೇ ಇತ್ತು.

"ಸರಿ ಉಂಟು," ಎಂದಳು. "ಹೌದು ಆಚಾರ್ರೆ, ಈಗ ಬಹಳ ಆರಾಮ ಉಂಟು."

ಅವಳ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಸಿಸಿಲಿ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ನನಗೆ ಎಲ್ಲಿ ನೋಡುವುದೆಂದು ತಿಳಿಯದೆ ಗರಗಸ ಒರೆಸಿ ಚೀಲಕ್ಕೆ ಹಾಕಿದೆ.

ಕತ್ತರಿಸಿದ ನಾಲ್ಕು ತುಂಡುಗಳು ನೆಲದಲ್ಲಿ ಬಿದ್ದಿದ್ದವು. ನನ್ನ ಮೊಣಕಾಲು ಮಡಚುವುದಿಲ್ಲ ಎಂಬುದು ಅವಳಿಗೆ ಕಂಡಿರಬೇಕು. ಅಂಥ ಹೊತ್ತಿನಲ್ಲೂ ಅದು ಕಂಡಿತು ಅವಳಿಗೆ. "ತಡೆಯಿರಿ, ನಾನು ಹೆಕ್ಕಿ ಕೊಡ್ತೇನೆ," ಎಂದು ಕುರ್ಚಿಯಿಂದ ಇಳಿದು, ನೆನಪಿಲ್ಲದೆ ಬಲಗೈ ಚಾಚಿದಳು. ಮೂರು ಸೆಂಟಿಮೀಟರಿನ ತುಂಡು. ಎರಡು ಬೆರಳಿನ ನಡುವೆ ಹಿಡಿದು ಎತ್ತುವಷ್ಟರಲ್ಲಿ ಜಾರಿತು. ಮತ್ತೊಮ್ಮೆ ಹಿಡಿದಳು, ಮತ್ತೆ ಜಾರಿ ಮೇಜಿನ ಕೆಳಗೆ ಹೋಯಿತು. ಆಮೇಲೆ ಅವಳು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಒಂದೊಂದಾಗಿ ನಾಲ್ಕನ್ನೂ ಹೆಕ್ಕಿ ನನ್ನ ಕೈಗೆ ಕೊಟ್ಟಳು.